ಲೋಟ ಬಾಯಿಗೆ ಬರುವ ದೂರ

ತಿಪಟೂರಿನ ಅಕ್ಕನ ಮನೆಯ ಗೋಡೆಬೀರುವಿನಲ್ಲಿ ಒಂದು ನೀಲಿ ಫೈಲ್ ಇದೆ. ಅವಳ ಮಗನಿಗೆ ಐದು ವರ್ಷವಾದಾಗ ಶುರುವಾದದ್ದು. ಮೊದಲ ಹಾಳೆಗಳಲ್ಲಿ ಬರವಣಿಗೆ ದಟ್ಟವಾಗಿದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾನೆ, ನೆಲದಿಂದ ಏಳಲು ಇಷ್ಟು ಸೆಕೆಂಡು ಬೇಕು, ಮೀನಖಂಡ ಊದಿಕೊಂಡ ಹಾಗಿದೆ, ತುದಿಗಾಲಿನಲ್ಲಿ ನಡೆಯುತ್ತಾನೆ ಎಂದೆಲ್ಲ ಇದೆ. ಹನ್ನೊಂದನೇ ವರ್ಷಕ್ಕೆ ಅವನು ನಡೆಯುವುದು ನಿಂತಿತು. ಫೈಲಿನ ಬರವಣಿಗೆಯೂ ಅಲ್ಲಿಗೇ ನಿಂತಿತು. ಆಮೇಲಿನ ಎಂಟು ವರ್ಷ ಪ್ರತಿ ಭೇಟಿಯ ಹಾಳೆಯಲ್ಲಿರುವ ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ಇಳಿಸಿದರೆ ಇಷ್ಟೇ: ವೀಲ್‌ಚೇರ್‌ನಲ್ಲಿದ್ದಾನೆ, ಬದಲಾವಣೆ ಇಲ್ಲ.

ಆ ಎಂಟು ವರ್ಷಗಳಲ್ಲಿ ಏನೇನು ಬದಲಾಯಿತು ಎಂಬುದನ್ನು ಅಕ್ಕ ಬೆರಳು ಮಡಿಸಿ ಹೇಳುತ್ತಾಳೆ. ಹದಿಮೂರಕ್ಕೆ ತಲೆ ಬಾಚಿಕೊಳ್ಳುವುದು ಹೋಯಿತು. ಹದಿನೈದರ ದೀಪಾವಳಿಯ ಹೊತ್ತಿಗೆ ತುಂಬಿದ ಲೋಟ ಎತ್ತಲಾಗದೆ ಅರ್ಧ ಲೋಟಕ್ಕೆ ಬಂದ. ಮುದ್ದೆ ಮುರಿದು ಬಾಯಿಗೆ ಇಟ್ಟುಕೊಳ್ಳುತ್ತಿದ್ದವನಿಗೆ ತಟ್ಟೆಯ ಕೆಳಗೆ ಎರಡು ದಪ್ಪ ಪುಸ್ತಕ ಇಡಬೇಕಾಯಿತು, ಮರುವರ್ಷ ಅವು ನಾಲ್ಕಾದವು, ಆಮೇಲೆ ಅವಳೇ ತುತ್ತು ಕೊಡತೊಡಗಿದಳು. ನಿದ್ದೆಯಲ್ಲಿ ತಾನೇ ಮಗ್ಗುಲಾಗುತ್ತಿದ್ದವನು ಈಗ ರಾತ್ರಿ ನಾಲ್ಕೈದು ಸಲ ಕೂಗುತ್ತಾನೆ.

"ನಡೀತಾನಾ ಅಂತ ಕೇಳ್ತಾರೆ, ಇಲ್ಲ ಅಂತೀನಿ. ಅಲ್ಲಿಗೆ ಮುಗೀತು. ರಾತ್ರಿ ಎಷ್ಟ್ ಸಲ ಎದ್ದು ಮಗ್ಗುಲು ತಿರುಗಿಸ್ತೀಯಮ್ಮ ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ ಕಣೋ" ಅಂದಳು ಒಂದು ಸಲ. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಹುಡುಗನಿಗಿರುವುದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಕ್ಷಯಗಳಲ್ಲಿ ಮಕ್ಕಳನ್ನು ಹೆಚ್ಚಾಗಿ ಕಾಡುವ ಬಗೆ ಇದೇ; ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3,500ರಿಂದ 5,000ಕ್ಕೆ ಒಬ್ಬರಿಗೆ ಬರುತ್ತದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಗಿಯೋಮ್ ಡುಶೆನ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಸ್ನಾಯುಕೋಶ ಪ್ರತಿ ಸಲ ಕುಗ್ಗಿ ಹಿಗ್ಗುವಾಗ ಅದರ ಹೊರಪೊರೆ ಹರಿಯದಂತೆ ಒಳಗಿನಿಂದ ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇದೆ. ಬಾಸ್ಟನ್ನಿನಲ್ಲಿ ಲೂಯಿ ಕುಂಕೆಲ್ ಅವರ ಪ್ರಯೋಗಾಲಯ 1987ರಲ್ಲಿ ಅದನ್ನು ಗುರುತಿಸಿ ಡಿಸ್ಟ್ರೋಫಿನ್ ಎಂದು ಹೆಸರಿಟ್ಟಿತು. ಈ ಮಕ್ಕಳಲ್ಲಿ ಅದು ಇಲ್ಲ. ಆದ್ದರಿಂದ ಸ್ನಾಯು ಬಳಸಿದಷ್ಟೂ ಹರಿಯುತ್ತದೆ, ಹರಿದ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತದೆ. ದೇಹದ ನಡುವಿಗೆ ಹತ್ತಿರದ ಸ್ನಾಯುಗಳು ಮೊದಲು ಸೋಲುತ್ತವೆ, ತುದಿಯವು ಕೊನೆಗೆ. ಕಾಲಿನಲ್ಲಿ ಸೊಂಟ ಮೊದಲು. ಕೈಯಲ್ಲಿ ಭುಜ, ಆಮೇಲೆ ಮೊಣಕೈ, ಎಲ್ಲಕ್ಕಿಂತ ಕೊನೆಗೆ ಬೆರಳು. ಈ ಕ್ರಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಚಿಕಿತ್ಸೆ ಇಲ್ಲದಿದ್ದರೆ ಹನ್ನೆರಡು, ಹದಿಮೂರರೊಳಗೆ ನಡಿಗೆ ನಿಲ್ಲುತ್ತದೆ. ಒಂದು ಕಾಲದಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ ಬದುಕೇ ಮುಗಿಯುತ್ತಿತ್ತು. ಸ್ಟೀರಾಯ್ಡ್ ಮಾತ್ರೆ, ಹೃದಯದ ಔಷಧ, ರಾತ್ರಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಬಂದ ಮೇಲೆ, ಇವೆಲ್ಲ ಸರಿಯಾಗಿ ಸಿಕ್ಕವರು ಮೂವತ್ತು ದಾಟುತ್ತಿದ್ದಾರೆ. ಲೆಕ್ಕ ಹಾಕಿ ನೋಡಿ. ನಡೆದದ್ದು ಹನ್ನೊಂದು ಹನ್ನೆರಡು ವರ್ಷ, ಕುಳಿತು ಬದುಕುವುದು ಅದಕ್ಕಿಂತ ಹೆಚ್ಚು. ಆದರೆ ಈ ಕಾಯಿಲೆಯನ್ನು ಅಳೆಯುವ ಕೋಲುಗಳೆಲ್ಲ ಬಹುಕಾಲ ಆ ಮೊದಲ ಭಾಗಕ್ಕೇ ಮೀಸಲಾಗಿದ್ದವು.

ಲಂಡನ್ನಿನ ವಿಲಿಯಂ ಗವರ್ಸ್ 1879ರಲ್ಲಿ ವಿವರಿಸಿದ ಲಕ್ಷಣವನ್ನು ಇಂದಿಗೂ ಪ್ರತಿ ವೈದ್ಯವಿದ್ಯಾರ್ಥಿ ಕಲಿಯುತ್ತಾನೆ. ನೆಲದಲ್ಲಿ ಕುಳಿತ ಮಗು ಏಳುವಾಗ ಮೊದಲು ನಾಲ್ಕು ಕಾಲಾಗಿ, ಆಮೇಲೆ ಮೊಣಕಾಲ ಮೇಲೆ ಕೈಯೂರಿ, ತೊಡೆಯ ಮೇಲೆ ಕೈ ಸರಿಸುತ್ತಾ ತನ್ನ ಮೈಯನ್ನೇ ತಾನು ಹತ್ತಿಕೊಂಡು ನೆಟ್ಟಗಾಗುತ್ತದೆ. ಸೊಂಟದ ಬಲ ಹೋದ ಮಗು ತಾನಾಗಿ ಕಂಡುಕೊಂಡ ಉಪಾಯ ಅದು. ಆಮೇಲೆ ನಿಲ್ಲಲು, ಮೆಟ್ಟಿಲು ಹತ್ತಲು, ಹತ್ತು ಮೀಟರ್ ಓಡಲು ಎಷ್ಟು ಸೆಕೆಂಡು ಎಂಬ ಎಣಿಕೆಗಳು ಬಂದವು. 2010ರ ಸುಮಾರಿಗೆ ಹೊಸ ಔಷಧಗಳ ಪ್ರಯೋಗಗಳು ಶುರುವಾದಾಗ ಆರು ನಿಮಿಷದ ನಡಿಗೆ ಪರೀಕ್ಷೆ ಸಿಂಹಾಸನ ಏರಿತು. ಹೃದಯ ಮತ್ತು ಶ್ವಾಸಕೋಶದ ರೋಗಿಗಳಿಗಾಗಿ ಇದ್ದದ್ದನ್ನು ಈ ಮಕ್ಕಳಿಗೆ ಹೊಂದಿಸಿದರು. ಉದ್ದನೆಯ ಕಾರಿಡಾರ್, ಎರಡು ತುದಿಯಲ್ಲಿ ಗುರುತು, ಬಿದ್ದರೆ ಹಿಡಿಯಲು ಹಿಂದೆಯೇ ಒಬ್ಬರು. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದ ಎಂಬುದೇ ಔಷಧದ ಹಣೆಬರಹ.

ಪರೀಕ್ಷೆಯಲ್ಲಿ ತಪ್ಪಿಲ್ಲ. ನಡೆಯುವ ಮಗುವಿಗೆ ಅದು ನ್ಯಾಯವಾದ ಅಳತೆಯೇ. ಆದರೆ ಪ್ರಯೋಗದ ನಡುವೆ ಒಬ್ಬ ಹುಡುಗನ ನಡಿಗೆ ನಿಂತರೆ ಅವನ ಅಂಕ ಸೊನ್ನೆ. ಅದೇ ಔಷಧ ಅವನ ಕೈಯನ್ನೋ ಉಸಿರನ್ನೋ ಕಾಪಾಡುತ್ತಿದ್ದರೂ ಆ ಸೊನ್ನೆಯೊಳಗೆ ಅದು ಕಾಣುವುದಿಲ್ಲ. ಮೊದಲೇ ವೀಲ್‌ಚೇರ್‌ನಲ್ಲಿ ಕುಳಿತವನಿಗಂತೂ ಪ್ರಯೋಗದ ಬಾಗಿಲಿನೊಳಗೆ ಕಾಲಿಡಲೂ ಅವಕಾಶವಿರಲಿಲ್ಲ. ಅಟಾಲುರೆನ್ ಎಂಬ ಔಷಧಕ್ಕೆ ಯುರೋಪು 2014ರಲ್ಲಿ ಷರತ್ತಿನ ಅನುಮತಿ ಕೊಟ್ಟಾಗ ಅದು ನಡೆಯಬಲ್ಲವರಿಗೆ ಮಾತ್ರವಾಗಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರಿ ಖರ್ಚಿನಲ್ಲಿ ಅದನ್ನು ಕೊಡಲು 2016ರಲ್ಲಿ ಒಪ್ಪಿದ ನೈಸ್ ಸಂಸ್ಥೆ, ನಡಿಗೆ ಪೂರ್ತಿ ನಿಂತ ಆರು ತಿಂಗಳೊಳಗೆ ಔಷಧವನ್ನೂ ನಿಲ್ಲಿಸಬೇಕೆಂದು ವಿಧಿಸಿತು. ಆ ಔಷಧ ನಿಜಕ್ಕೂ ಎಷ್ಟು ಉಪಯುಕ್ತ ಎಂಬ ತಕರಾರು ಬೇರೆ ಇದೆ. ಯುರೋಪು 2025ರಲ್ಲಿ ಅದರ ಅನುಮತಿಯನ್ನು ಮುಂದುವರಿಸಲಿಲ್ಲ. ನನ್ನನ್ನು ಚುಚ್ಚುವುದು ಆ ನಿಯಮದ ಹಿಂದಿನ ತರ್ಕ. ಅಳೆಯಲು ಕೋಲಿಲ್ಲದ ಜಾಗದಲ್ಲಿ ಕಳೆದುಕೊಳ್ಳಲೂ ಏನೂ ಉಳಿದಿಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಕೈಯ ಕಡೆಗೆ ಯಾರೂ ನೋಡಿರಲೇ ಇಲ್ಲ ಎಂದಲ್ಲ. ಮೈಕಲ್ ಬ್ರೂಕ್ ಎಂಬ ನರರೋಗತಜ್ಞರ ಹೆಸರಿನ ಒಂದು ಮಾಪಕ 1980ರ ದಶಕದ ಆರಂಭದಿಂದಲೂ ಬಳಕೆಯಲ್ಲಿದೆ. ಆರೇ ಮೆಟ್ಟಿಲು. ಎರಡೂ ಕೈಗಳನ್ನು ಪಕ್ಕದಿಂದ ಎತ್ತಿ ತಲೆಯ ಮೇಲೆ ಜೋಡಿಸಬಲ್ಲವನು ಒಂದನೆಯದರಲ್ಲಿ. ಮೊಣಕೈ ಮಡಿಸಿ ಹೇಗೋ ಎತ್ತುವವನು ಎರಡರಲ್ಲಿ. ತಲೆಯ ಮೇಲೆ ಎತ್ತಲಾಗದಿದ್ದರೂ ಕಾಲು ಲೀಟರಿನಷ್ಟು ನೀರಿರುವ ಲೋಟವನ್ನು ಬೇಕಾದರೆ ಎರಡು ಕೈಯಿಂದ ಬಾಯಿಗೆ ತರಬಲ್ಲವನು ಮೂರರಲ್ಲಿ. ಕೈ ಬಾಯಿಗೆ ಬರುತ್ತದೆ, ಲೋಟ ಬರುವುದಿಲ್ಲ ಎಂದರೆ ನಾಲ್ಕು. ಕೈಯೂ ಬಾಯಿಗೆ ಬಾರದು, ಆದರೆ ಪೆನ್ನು ಹಿಡಿಯಬಲ್ಲ, ಮೇಜಿನ ಮೇಲಿನ ಬಿಡಿಗಾಸು ಹೆಕ್ಕಬಲ್ಲ ಎಂದರೆ ಐದು. ಕೈಯಿಂದ ಯಾವ ಉಪಯುಕ್ತ ಕೆಲಸವೂ ಆಗದು ಎಂದರೆ ಆರು.

ಇದನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಕ್ಕ ಬೆರಳು ಮಡಿಸಿ ಹೇಳಿದ್ದ ಲೋಟ ಇಲ್ಲಿತ್ತು. ಅವಳು ಕಂಡದ್ದನ್ನು ಒಬ್ಬ ವೈದ್ಯ ಎಷ್ಟೋ ವರ್ಷ ಮೊದಲೇ ಕಂಡು ಅಳತೆಯಾಗಿ ಮಾಡಿದ್ದರು. ಅದನ್ನು ನೋಡಲು ಎರಡು ನಿಮಿಷ ಸಾಕು, ಯಂತ್ರ ಬೇಡ, ಲೋಟವೊಂದಿದ್ದರೆ ಆಯಿತು. ಅದರ ಕೊರತೆಯೂ ಅಲ್ಲೇ ಇದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಅಕ್ಕನ ಮನೆಯಲ್ಲಿ ಎರಡು ವರ್ಷ ಕಳೆಯಿತು. ತುಂಬಿದ ಲೋಟ ಮುಕ್ಕಾಲಾಗಿ, ಅರ್ಧವಾಗಿ, ಸ್ಟೀಲ್ ಹೋಗಿ ಪ್ಲಾಸ್ಟಿಕ್ ಬಂದು, ಕೊನೆಗೆ ಸ್ಟ್ರಾ ಬಂತು. ಬ್ರೂಕ್ ಮಾಪಕದಲ್ಲಿ ಅಷ್ಟೂ ಕಾಲ ಒಂದೇ ಅಂಕಿ. ಔಷಧವೊಂದು ಕೆಲಸ ಮಾಡುತ್ತಿದೆಯೇ ಎಂದು ಒಂದು ವರ್ಷದಲ್ಲಿ ಹೇಳಬೇಕಾದರೆ ಇನ್ನೂ ಸಣ್ಣ ಗೆರೆಗಳಿರುವ ಕೋಲು ಬೇಕು.

ಕೋಲು ಹೇಗಿರಬೇಕೆಂದು ಯಾರನ್ನು ಕೇಳಬೇಕು? ಡೆನ್ಮಾರ್ಕಿನವರು ಕಾಯಿಲೆ ಇದ್ದವರ ಬದುಕಿನಿಂದಲೇ ಶುರುಮಾಡಿದರು. ಆ ದೇಶದ ಆರ್ಹುಸ್ ನಗರದಲ್ಲಿ 1971ರಿಂದ ಸ್ನಾಯುಕ್ಷಯದವರ ಸಂಘವೊಂದಿದೆ. ಅದನ್ನು ಕಟ್ಟಿದ ಎವಾಲ್ಡ್ ಕ್ರೋಗ್ ಅವರಿಗೇ ಸ್ನಾಯು ಸೊರಗುವ ಕಾಯಿಲೆ ಇತ್ತು. ವೀಲ್‌ಚೇರ್‌ನಲ್ಲಿ ಇರುವವರು ತಮ್ಮ ಸಹಾಯಕರನ್ನು ತಾವೇ ಆರಿಸಿ ನೇಮಿಸಿಕೊಳ್ಳುವ, ಸಂಬಳವನ್ನು ಸರ್ಕಾರದ ಹಣದಿಂದ ಕೊಡುವ ಪದ್ಧತಿ ಆ ಊರಿನಲ್ಲೇ ಬೇರೂರಿ ಆರ್ಹುಸ್ ಪದ್ಧತಿ ಎಂದು ಹೆಸರಾಯಿತು. ಹೀಗೆ ಬೇರೆ ಮನೆ ಮಾಡಿ, ದೊಡ್ಡವರಾಗಿ ಬಾಳುವ ಡುಶೆನ್ ಗಂಡಸರು ಅಲ್ಲಿ ಕಾಣತೊಡಗಿದರು. 2005ರಲ್ಲಿ ಪ್ರಕಟವಾದ ಡ್ಯಾನಿಶ್ ಅಧ್ಯಯನವೊಂದು 18ರಿಂದ 42 ವರ್ಷದ ಇಂಥ 65 ಮಂದಿಯನ್ನು ಮಾತನಾಡಿಸಿತು. ಅವರಲ್ಲಿ ಹೆಚ್ಚಿನವರು ಬದುಕು ಚೆನ್ನಾಗಿದೆ ಎಂದರು. ಕೊರತೆ ಎಂದು ತೋರಿಸಿದ್ದು ಉದ್ಯೋಗ ಕೊಡಿಸುವ ಓದನ್ನು ಮತ್ತು ಪ್ರೀತಿಯ ಸಂಗಾತಿಯನ್ನು.

ಅಲ್ಲಿನ ಪುನಶ್ಚೇತನ ಕೇಂದ್ರದ ಫಿಜಿಯೋಥೆರಪಿಸ್ಟ್ ಬಿರ್ಗಿಟ್ ಸ್ಟೆಫೆನ್ಸನ್ ಮತ್ತು ಜೊತೆಗಾರರು ರೂಪಿಸಿದ ಮಾಪಕದ ಹೆಸರು ಏಗನ್ ಕ್ಲಾಸಿಫಿಕಾಸಿಯೋನ್. ಡ್ಯಾನಿಶ್‌ನಲ್ಲಿ ಏಗನ್ ಎಂದರೆ ಸ್ವಂತ. ಸ್ವಂತ ವರ್ಗೀಕರಣ! ಅದರಲ್ಲಿ ಹತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು. ಅಂಕ ಏರಿದಷ್ಟೂ ಕಷ್ಟ ಹೆಚ್ಚು. ವೀಲ್‌ಚೇರನ್ನು ಹೇಗೆ ನಡೆಸುತ್ತೀರಿ, ಅದರಿಂದ ಮಂಚಕ್ಕೆ ಹೇಗೆ ಹೋಗುತ್ತೀರಿ, ಕುಳಿತಲ್ಲೇ ಮುಂದಕ್ಕೆ ಬಾಗಿ ಮತ್ತೆ ನೆಟ್ಟಗಾಗಬಲ್ಲಿರಾ, ತೋಳು ಎಷ್ಟು ಆಡುತ್ತದೆ, ಊಟ ಹೇಗೆ ಮಾಡುತ್ತೀರಿ, ಹಾಸಿಗೆಯಲ್ಲಿ ಮಗ್ಗುಲಾಗಬಲ್ಲಿರಾ, ಕೆಮ್ಮು ಬರುತ್ತದೆಯೇ, ಮಾತು ಕೇಳಿಸುವಷ್ಟು ಗಟ್ಟಿ ಇದೆಯೇ. ಕೊನೆಗೆ, ಒಟ್ಟಾರೆ ಹೇಗಿದ್ದೀರಿ. ಆಮೇಲೆ ಇದು ಹದಿನೇಳು ಪ್ರಶ್ನೆಗಳಿಗೆ ಬೆಳೆದು ಕತ್ತಿನ ಹಿಡಿತ, ಬೆರಳಿನ ಬಳಕೆ, ಊಟಕ್ಕೆ ಹಿಡಿಯುವ ಸಮಯ ಮುಂತಾದವೂ ಸೇರಿದವು.

ಮಗ್ಗುಲಿನ ಪ್ರಶ್ನೆಯನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ರಾತ್ರಿ ಎಷ್ಟು ಸಲ ತಿರುಗಿಸಬೇಕಾಗುತ್ತದೆ ಎಂಬುದೂ ಆ ಉತ್ತರದಲ್ಲಿ ಲೆಕ್ಕಕ್ಕೆ ಬರುತ್ತದೆ. "ಹಂಗಾದ್ರೆ ಇದನ್ನ ಬರ್ದೋರ ಮನೇಲೂ ಯಾರೋ ಎದ್ದಿದ್ದಾರೆ" ಅಂದಳು. ಈ ಮಾಪಕಕ್ಕೆ ಇದಕ್ಕಿಂತ ದೊಡ್ಡ ಶಿಫಾರಸು ನನಗೆ ಬೇಕಿಲ್ಲ. ಅವಳ ನಿದ್ದೆ ಒಂದು ವೈದ್ಯಕೀಯ ಅಂಕಿ. ಮಗನ ಬೆನ್ನು ಮತ್ತು ಸೊಂಟದ ಸ್ನಾಯು ಎಲ್ಲಿಗೆ ಬಂದಿದೆ ಎಂಬುದನ್ನು ಅವಳ ಕೆಂಪಾದ ಕಣ್ಣು ಅಷ್ಟೇ ಖಚಿತವಾಗಿ ಹೇಳುತ್ತದೆ.

ಫ್ರಾನ್ಸಿನ ಲಿಯೋನ್ ನಗರದ ತಂಡವೊಂದು 2005ರಲ್ಲಿ 32 ಅಂಶಗಳ ಚಲನಾ ಮಾಪಕವನ್ನು ಪ್ರಕಟಿಸಿತು. ನಿಲ್ಲುವುದರಿಂದ ಹಿಡಿದು ಬೆರಳ ತುದಿಯವರೆಗೆ ಇಡೀ ಮೈಯನ್ನು ನೋಡುವ ಅದೂ ಒಳ್ಳೆಯದೇ. ನನ್ನ ಮನಸ್ಸು ನಿಂತಿರುವುದು ಅದರ ನಂತರದ್ದರಲ್ಲಿ.

ಯುರೋಪು, ಅಮೆರಿಕದ ಹಲವು ಕೇಂದ್ರಗಳ ಫಿಜಿಯೋಥೆರಪಿಸ್ಟರು, ವೈದ್ಯರು ಸೇರಿ ಡುಶೆನ್ ಕಾಯಿಲೆಗೆಂದೇ ಒಂದು ಕೈಯ ಪರೀಕ್ಷೆ ಮಾಡಿದರು. ಮಕ್ಕಳನ್ನು, ತಂದೆತಾಯಿಯರನ್ನು ಕೇಳಿಕೊಂಡೇ ಮಾಡಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಅನ್ನಾ ಮೇಹ್ಯೂ ಮುಂತಾದವರು ಅದನ್ನು 2013ರಲ್ಲಿ ಪ್ರಕಟಿಸಿದರು. ಎಲ್ಲರೂ ಪಿಯುಎಲ್ ಎನ್ನುತ್ತಾರೆ. ಅದರ ಪರಿಷ್ಕೃತ ಎರಡನೇ ರೂಪದಲ್ಲಿ 22 ಕೆಲಸಗಳಿವೆ, ಒಟ್ಟು 42 ಅಂಕ: ಭುಜಕ್ಕೆ 12, ಮೊಣಕೈಗೆ 17, ಮಣಿಕಟ್ಟು ಮತ್ತು ಬೆರಳಿಗೆ 13. ಕಾಯಿಲೆ ಇಳಿಯುವ ಕ್ರಮದಲ್ಲೇ ಪರೀಕ್ಷೆಯೂ ಇಳಿಯುತ್ತದೆ. ಮೇಲೆ ಕೈ ಎತ್ತುವುದು, ಎತ್ತರದಲ್ಲಿ ತೂಕ ಇಡುವುದು ಮೊದಲು. ಕೈಯನ್ನು ಬಾಯಿಗೆ ತರುವುದು, ಮೇಜಿನ ಮೇಲೆ ತೂಕ ಸರಿಸುವುದು, ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುವುದು, ಮುಚ್ಚಳ ತೆಗೆಯುವುದು, ಕಾಗದ ಹರಿಯುವುದು ನಡುವೆ. ಗೆರೆಯ ಮೇಲೆ ಪೆನ್ಸಿಲ್ ಓಡಿಸುವುದು, ದೀಪದ ಗುಂಡಿ ಒತ್ತುವುದು, ನಾಣ್ಯ ಹೆಕ್ಕುವುದು, ಹೆಬ್ಬೆರಳು ಮತ್ತು ತೋರುಬೆರಳಿನ ಚಿಮುಟಿಯಲ್ಲಿ ಪುಟ್ಟ ತೂಕ ಎತ್ತುವುದು ಕೊನೆಗೆ.

ಇದರಲ್ಲಿ ಎರಡು ಸಂಗತಿ ನನಗೆ ತುಂಬ ಹಿಡಿಸಿದವು. ಒಂದು, ಶುರುವಿಗೇ ಕೇಳುವ ಪ್ರವೇಶದ ಪ್ರಶ್ನೆ. ಬ್ರೂಕ್ ಮೆಟ್ಟಿಲುಗಳ ಮಾದರಿಯಲ್ಲಿರುವ ಅದು ಹುಡುಗ ಯಾವ ಮಟ್ಟದಲ್ಲಿದ್ದಾನೆಂದು ತಿಳಿಸಿಬಿಡುತ್ತದೆ. ಭುಜ ಏಳದವನಿಗೆ ಭುಜದ ಕೆಲಸಗಳನ್ನು ಒಂದೊಂದಾಗಿ ಕೊಟ್ಟು ಸೋಲಿಸುವುದಿಲ್ಲ. ಇಂಥ ಮಕ್ಕಳಿಗೆ ಪ್ರತಿ ಪರೀಕ್ಷೆಯೂ ಕಳೆದುಕೊಂಡದ್ದರ ಪಟ್ಟಿ ಓದಿದ ಹಾಗಿರುತ್ತದೆ. ಅದನ್ನು ಅರಿತವರು ಮಾಡಿದ ಪರೀಕ್ಷೆ ಇದು.

ಎರಡನೆಯದು ಉಪಾಯಗಳಿಗೆ ಸಿಕ್ಕ ಮಾನ್ಯತೆ. ಎರಡನೇ ರೂಪದಲ್ಲಿ ಕೆಲಸ ಹೇಗಾಯಿತು ಎನ್ನುವುದಕ್ಕಿಂತ ಆಯಿತೇ ಎನ್ನುವುದಕ್ಕೆ ಬೆಲೆ. ಮೊಣಕೈಯನ್ನು ಮೇಜಿಗೆ ಊರಿ ಮೈಯನ್ನೇ ಬಾಗಿಸಿ ಬಾಯಿಯನ್ನು ಕೈಯ ಹತ್ತಿರ ತಂದರೂ ಸರಿ, ಒಂದು ಕೈಯಿಂದ ಇನ್ನೊಂದನ್ನು ಎತ್ತಿದರೂ ಸರಿ. ನಮ್ಮ ಹುಡುಗನ ಬೆರಳುಗಳು ಮೇಜಿನ ಮೇಲೆ ಜೇಡದ ಹಾಗೆ ನಡೆದು ತೋಳನ್ನು ಹಿಂದೆ ಎಳೆದುಕೊಂಡು ಹೋಗುತ್ತವೆ. ಗವರ್ಸ್ ಕಾಲಿನಲ್ಲಿ ಕಂಡ ಉಪಾಯವೇ ಇದು. ಮಗು ಅದನ್ನು ವೀಲ್‌ಚೇರ್‌ಗೂ ತಂದಿರುತ್ತದೆ. ಅದನ್ನು ಕೇವಲ ರೋಗದ ಲಕ್ಷಣ ಎಂದು ಓದುವುದಕ್ಕೂ ಅವನ ಸಾಮರ್ಥ್ಯ ಎಂದು ಎಣಿಸುವುದಕ್ಕೂ ನಡುವೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ದಾರಿ ಇದೆ.

ಅಂಕಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಹಳೆಯ ಕಲ್ಯಾಣಿಗಳ ಮೆಟ್ಟಿಲಿನಂತೆ ಈ ಮಾಪಕಗಳ ಮೆಟ್ಟಿಲುಗಳೂ ಒಂದೇ ಎತ್ತರದವಲ್ಲ. ಮೂರರಿಂದ ಎರಡಕ್ಕೆ ಇಳಿದದ್ದು, ಎರಡರಿಂದ ಒಂದಕ್ಕೆ ಇಳಿದದ್ದು ಸಮ ಎನ್ನಲಾಗದು. ಯಾವ ಕೆಲಸ ಎಷ್ಟು ಕಠಿಣ, ಯಾವುದು ಮೊದಲು ಹೋಗುತ್ತದೆ ಎಂಬುದನ್ನು ನೂರಾರು ಮಕ್ಕಳ ಅಂಕಗಳಿಂದ ಲೆಕ್ಕಹಾಕಿ ಮೆಟ್ಟಿಲು ಸರಿಪಡಿಸುವ ಗಣಿತವೊಂದಿದೆ. ಡೆನ್ಮಾರ್ಕಿನವರೇ ಆದ ಗಣಿತಜ್ಞ ಜಾರ್ಜ್ ರಾಶ್ ಅವರ ಹೆಸರಿನದು. ಪಿಯುಎಲ್ ಆ ಒರೆಗೆ ಹತ್ತಿ ತಿದ್ದಿಸಿಕೊಂಡಿದೆ.

ಯಂತ್ರಗಳೂ ಬಂದಿವೆ. ಸಾಮಾನ್ಯ ಹಿಡಿತಮಾಪಕಕ್ಕೆ ಈ ಹುಡುಗರ ಹಿಡಿತ ಕಾಣುವುದೇ ಇಲ್ಲ, ಮುಳ್ಳು ಅಲ್ಲಾಡುವುದಿಲ್ಲ. ಪ್ಯಾರಿಸ್ಸಿನ ಸ್ನಾಯುವಿಜ್ಞಾನ ಸಂಸ್ಥೆಯವರು ಮಾಡಿದ ಮಯೋಗ್ರಿಪ್, ಮಯೋಪಿಂಚ್ ಉಪಕರಣಗಳು ಗ್ರಾಂಗಳ ಲೆಕ್ಕದ ಬಲವನ್ನೂ ಓದುತ್ತವೆ. ಅಮೆರಿಕದ ಕೊಲಂಬಸ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ವಿಡಿಯೋ ಆಟದ ಕಿನೆಕ್ಟ್ ಕ್ಯಾಮೆರಾ ಮುಂದೆ ಮಕ್ಕಳನ್ನು ಕೂರಿಸಿ, ತೋಳು ಗಾಳಿಯಲ್ಲಿ ಎಷ್ಟು ದೂರದವರೆಗೆ ತಲುಪುತ್ತದೆ ಎಂದು ಲೆಕ್ಕ ಹಾಕಿದರು.

ಕೈಯಷ್ಟೇ ಮುಖ್ಯವಾದದ್ದು ಉಸಿರು. ಎದೆ ತುಂಬ ಗಾಳಿ ಎಳೆದು ಒಂದೇ ಬೀಸಿನಲ್ಲಿ ಊದಿದಾಗ ಎಷ್ಟು ಹೊರಬರುತ್ತದೆ ಎಂಬುದೇ ಎಫ್‌ವಿಸಿ. ನಡಿಗೆ ನಿಂತ ಮೇಲೆ ಈ ಅಂಕಿ ವರ್ಷ ವರ್ಷ ಇಳಿಯುತ್ತದೆ. ಬೈಪ್ಯಾಪ್ ವ್ಯಾಪಕವಾಗುವ ಮುಂಚಿನ ಕಾಲದ ಬ್ರಿಟಿಷ್ ಅಧ್ಯಯನವೊಂದು 2001ರಲ್ಲಿ ಹೇಳಿದ್ದು ಹೀಗೆ: ಅದು ಒಂದು ಲೀಟರಿಗಿಂತ ಕೆಳಗಿಳಿದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಎಂಟು ಮಂದಿ. ಕೆಮ್ಮಿನ ಬಲವನ್ನೂ ಅಳೆಯುತ್ತಾರೆ. ಅದು ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆಯಾದರೆ ನೆಗಡಿಯ ಕಫ ಹೊರಬರಲು ಇನ್ನೊಬ್ಬರ ಕೈಯೋ ಯಂತ್ರವೋ ಬೇಕು, 160ಕ್ಕಿಂತ ಕೆಳಗೆ ತಾನಾಗಿ ಬಾರದು. ಸಾಮಾನ್ಯ ನೆಗಡಿ ನ್ಯುಮೋನಿಯಾ ಆಗುವುದು ಇಲ್ಲಿ. ಎಫ್‌ವಿಸಿ ಇರಬೇಕಾದದ್ದರ ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕಲು ಎತ್ತರ ಗೊತ್ತಿರಬೇಕು. ನಿಲ್ಲಲಾಗದ, ಬೆನ್ನು ಬಾಗಿದ ಹುಡುಗನ ಎತ್ತರ ಹೇಗೆ ಅಳೆಯುವುದು? ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆಯ ಉದ್ದದಿಂದ ಅಂದಾಜು ಮಾಡುತ್ತಾರೆ. ನಮ್ಮ ಹುಡುಗನ ಫೈಲಿನಲ್ಲಿ ಎತ್ತರದ ಜಾಗ ಎಂಟು ವರ್ಷವೂ ಖಾಲಿ ಇದೆ.

ಇಷ್ಟೆಲ್ಲ ಅಳೆದು ಆದದ್ದೇನು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಉದಾಹರಣೆ ಕೊಡುತ್ತೇನೆ, ಸ್ಟೀರಾಯ್ಡ್‌ನದು. ಆ ಮಾತ್ರೆಯನ್ನು ಕೊಡುತ್ತಿದ್ದದ್ದು ನಡಿಗೆ ಉಳಿಸಲು. ಆದ್ದರಿಂದ ನಡಿಗೆ ಹೋದೊಡನೆ ಮಾತ್ರೆಯನ್ನೂ ಬಿಡಿಸುವ ರೂಢಿ ಬಹಳ ಕಡೆ ಇತ್ತು. ಮೈ ಊದುತ್ತದೆ, ಮೂಳೆ ಸವೆಯುತ್ತದೆ, ಇನ್ನೇಕೆ ಎಂಬ ಯೋಚನೆ. ಹಲವು ದೇಶಗಳ ಕೇಂದ್ರಗಳು ಸೇರಿ 2ರಿಂದ 28 ವರ್ಷದ 440 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ, ಕೈ ತಲೆಗೆ ಹೋಗುವುದು ಎಂದು ನಿಂತಿತು, ಬಾಯಿಗೆ ಹೋಗುವುದು ಎಂದು ನಿಂತಿತು ಎಂದೆಲ್ಲ ಬರೆದಿಟ್ಟವು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2018ರಲ್ಲಿ ಬಂದ ಫಲಿತಾಂಶ ಇದು: ಒಂದು ವರ್ಷ ಅಥವಾ ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ತೆಗೆದುಕೊಳ್ಳದವರು ಅಥವಾ ತಿಂಗಳೊಳಗೆ ಬಿಟ್ಟವರಿಗೆ ಹೋಲಿಸಿದರೆ, ನಡಿಗೆಗೆ ಸೇರಿದ ಮೈಲಿಗಲ್ಲುಗಳು 2.1ರಿಂದ 4.4 ವರ್ಷ ಮುಂದಕ್ಕೆ ಹೋದವು. ಕೈಯ ಮೈಲಿಗಲ್ಲುಗಳು 2.8ರಿಂದ 8 ವರ್ಷ ಮುಂದಕ್ಕೆ ಹೋದವು. ಕಾಲಿಗಿಂತ ಕೈಗೆ ಹೆಚ್ಚು ವರ್ಷ ಸಿಕ್ಕಿತ್ತು! ಯಾರೂ ಕೈಯನ್ನು ಅಳೆಯದೆ ಇದ್ದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ನಡಿಗೆ ನಿಂತ ತಿಂಗಳಲ್ಲೇ ಮಾತ್ರೆ ನಿಂತ ಎಷ್ಟು ಮಕ್ಕಳು ತಮ್ಮ ಕೈಯಾರೆ ಉಣ್ಣುವ ವರ್ಷಗಳನ್ನು ಕಳೆದುಕೊಂಡರೋ. ನಮ್ಮವನೂ ಅವರಲ್ಲೊಬ್ಬ.

ಈಗ ಕೈಯ ಅಂಕವನ್ನೇ ಮುಖ್ಯ ಗುರಿಯಾಗಿಟ್ಟ ಔಷಧ ಪ್ರಯೋಗಗಳು ನಡೆಯುತ್ತಿವೆ. ಹೃದಯದಿಂದ ಪಡೆದ ಕೋಶಗಳನ್ನು ರಕ್ತನಾಳಕ್ಕೆ ಕೊಡುವ ಹೋಪ್-2 ಪ್ರಯೋಗದಲ್ಲಿದ್ದವರು ಬಹುಪಾಲು ನಡೆಯಲಾಗದವರೇ. 2022ರಲ್ಲಿ ಪ್ರಕಟವಾದ ಅದರಲ್ಲಿ ಎಂಟು ಮಂದಿಗೆ ಔಷಧ, ಹನ್ನೆರಡು ಮಂದಿಗೆ ಹುಸಿಮದ್ದು. ಒಂದು ವರ್ಷದ ಕೊನೆಗೆ ಮೊಣಕೈ ಮಟ್ಟದ ಪಿಯುಎಲ್ ಅಂಕದಲ್ಲಿ ಎರಡು ಗುಂಪಿಗೂ 2.6ರ ಅಂತರ. ಇಪ್ಪತ್ತು ಮಂದಿಯ ಪ್ರಯೋಗದಿಂದ ಔಷಧದ ತೀರ್ಪು ಹೇಳಲಾಗದು. ಆದರೆ ವೀಲ್‌ಚೇರ್‌ನಲ್ಲಿರುವ ಹುಡುಗನೊಬ್ಬ ಪ್ರಯೋಗದ ಕೇಂದ್ರಕ್ಕೆ ಬಂದು ಕುಳಿತದ್ದೇ ದೊಡ್ಡ ಬದಲಾವಣೆ.

ಅಳತೆ ಇಲ್ಲದೆ ಅವಸರಪಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಎಲೆವಿಡಿಸ್ ಎಂಬ ಜೀನ್ ಚಿಕಿತ್ಸೆಯನ್ನು ನಡೆಯಲಾಗದವರಿಗೂ ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜೂನ್‌ನಲ್ಲಿ ತ್ವರಿತ ಅನುಮತಿ ನೀಡಿತು. ಆಧಾರವಾಗಿ ಇಟ್ಟುಕೊಂಡದ್ದು ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಎಷ್ಟು ಕಾಣಿಸಿತು ಎಂಬುದನ್ನು, ಕೈಗೆ ಏನು ಲಾಭವಾಯಿತು ಎಂಬುದನ್ನು ಅಲ್ಲ. 2025ರಲ್ಲಿ ಆ ಚಿಕಿತ್ಸೆ ಪಡೆದ, ನಡೆಯಲಾಗದ ಇಬ್ಬರು ಹದಿಹರೆಯದ ಹುಡುಗರು ಯಕೃತ್ತು ಕೆಟ್ಟು ತೀರಿಕೊಂಡರು. ಆ ವರ್ಷದ ಜೂನ್‌ನಲ್ಲಿ ಕಂಪನಿ ನಡೆಯಲಾಗದವರಿಗೆ ಅದನ್ನು ಕೊಡುವುದನ್ನು ನಿಲ್ಲಿಸಿತು. ಅಪಾಯ ಇಷ್ಟು ದೊಡ್ಡದಿರುವಾಗ ಲಾಭ ಇಂತಿಷ್ಟು ಎಂದು ತೂಗಿ ತೋರಿಸಿ ಎಂದು ಕೇಳುವ ಹಕ್ಕು ಆ ಮಕ್ಕಳ ಮನೆಯವರಿಗಿತ್ತು.

ನಮ್ಮಲ್ಲಿ ಹೇಗಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ. ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದೆಂದೂ ಅದೇ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಮತ್ತು ಸ್ನಾಯು ಕಾಯಿಲೆಗಳಿಗೆ ಪರಿಣತರ ವಿಭಾಗವಿದೆ. ಇಂಥ ಮಕ್ಕಳ ತಂದೆತಾಯಿಯರೇ ಕಟ್ಟಿದ ಡಾರ್ಟ್ ಎಂಬ ಸಂಶೋಧನಾ ಟ್ರಸ್ಟ್ ಕೂಡ ಬೆಂಗಳೂರಿನಲ್ಲಿದೆ. ಆದರೆ ತಾಲ್ಲೂಕಿನಿಂದ ಅಲ್ಲಿಗೆ ವೀಲ್‌ಚೇರ್ ಸಮೇತ ಹೋಗಿ ಬರುವುದು ಒಂದು ದಿನದ ಸಂಬಳ, ಒಂದು ಬಾಡಿಗೆ ಕಾರು, ಎರಡು ರಾತ್ರಿಯ ನಿದ್ದೆ. ಹುಡುಗನ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದ ಶಿಬಿರವೊಂದರಲ್ಲಿ ಕಾಲು ನೋಡಿದರು, ಶೇಕಡಾವಾರು ಬರೆದರು. ಲೋಟ ಎತ್ತಬಲ್ಲನೇ, ರಾತ್ರಿ ಯಾರು ತಿರುಗಿಸುತ್ತಾರೆ ಎಂದು ಅಲ್ಲೂ ಕೇಳಲಿಲ್ಲ. ನೆರವಿನ ಅಗತ್ಯವನ್ನು ನಿರ್ಧರಿಸಬೇಕಾದವರಿಗೆ ನಿಜವಾಗಿ ಬೇಕಿದ್ದ ಉತ್ತರಗಳು ಅವೇ.

ಕಳೆದ ವರ್ಷ ಪರಿಚಯದ ಫಿಜಿಯೋಥೆರಪಿಸ್ಟ್ ಒಬ್ಬರು ಮನೆಗೆ ಬಂದು ಪಿಯುಎಲ್ ಮಾಡಿದರು. ಭುಜ ಸೊನ್ನೆ, ಮೊಣಕೈ ಐದು, ಬೆರಳು ಹನ್ನೊಂದು. ಒಟ್ಟು 42ಕ್ಕೆ 16. ಅಕ್ಕನ ಮುಖ ಸಣ್ಣದಾಯಿತು. ಹುಡುಗ ಮಾತ್ರ ಆ ಹಾಳೆಯನ್ನು ತುಂಬ ಹೊತ್ತು ನೋಡಿ, "ಮಾಮ, ಬೆರಳಿಗೆ ಹದಿಮೂರಕ್ಕೆ ಹನ್ನೊಂದು" ಅಂದ. ಅವನು ಊರಿನ ಸ್ಟುಡಿಯೋ ಒಂದಕ್ಕೆ ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿಕೊಡುತ್ತಾನೆ. ಮೌಸ್ ಮೇಲೆ ಅವನ ಕೈಯನ್ನು ಯಾರಾದರೂ ಎತ್ತಿಟ್ಟರೆ ಸಾಕು, ಮುಂದಿನದನ್ನು ಎರಡು ಬೆರಳು ನೋಡಿಕೊಳ್ಳುತ್ತವೆ. ಆ ಹನ್ನೊಂದು ಅಂಕ ಅವನ ಸಂಪಾದನೆ. ಅದೇ ಅಂಕದ ಬಲದಲ್ಲಿ ಫಿಜಿಯೋಥೆರಪಿಸ್ಟ್ ಅವನ ಮೇಜನ್ನು ಎರಡು ಇಂಚು ಏರಿಸಿ, ಮುಂಗೈಗೆ ಒರಗು ಕೊಟ್ಟರು. ಈಗ ಊಟವನ್ನೂ ಹಗುರವಾದ ಚಮಚದಲ್ಲಿ ಅರ್ಧದಷ್ಟು ತಾನೇ ಮಾಡುತ್ತಾನೆ.

ಅಕ್ಕ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಲೋಟ, ಅದೇ ಗೆರೆಯವರೆಗೆ ನೀರು, ಅದೇ ಮೇಜು. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ. ರಾತ್ರಿ ಎದ್ದದ್ದು ಎಷ್ಟು ಸಲ, ಊಟಕ್ಕೆ ಎಷ್ಟು ನಿಮಿಷ, ಕೆಮ್ಮು ಗಟ್ಟಿ ಇದೆಯೇ, ಬೆಳಿಗ್ಗೆ ಎದ್ದಾಗ ತಲೆನೋವಿತ್ತೇ. ಬೆಳಗಿನ ತಲೆನೋವು ರಾತ್ರಿ ಉಸಿರಾಟ ಸಾಲದಿರುವುದರ ಸೂಚನೆ ಇರಬಹುದೆಂದು ಅವಳಿಗೆ ಅದೇ ಫಿಜಿಯೋಥೆರಪಿಸ್ಟ್ ಹೇಳಿದ್ದು. ಡಾಕ್ಟರ ಬಳಿ ಹೋಗುವಾಗ ನೀಲಿ ಫೈಲಿನ ಜೊತೆ ಆ ನೋಟ್‌ಬುಕ್ಕೂ ಹೋಗುತ್ತದೆ.

ಇಂಥ ಮಗು ಇರುವ ಮನೆಯವರಲ್ಲಿ ನನ್ನ ಕೋರಿಕೆ ಎರಡು. ನಡಿಗೆ ನಿಂತಿತೆಂದು ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಮುಂದುವರಿಸಬೇಕೇ, ಎಷ್ಟು ಪ್ರಮಾಣದಲ್ಲಿ ಎಂದು ಈ ಕಾಯಿಲೆ ಬಲ್ಲ ವೈದ್ಯರನ್ನು ಕೇಳಿ. ವರ್ಷಕ್ಕೊಮ್ಮೆಯಾದರೂ ಕೈ, ಉಸಿರು, ಕೆಮ್ಮು, ಹೃದಯ ನಾಲ್ಕನ್ನೂ ನೋಡಿ ಅಂಕಿಯಲ್ಲಿ ಬರೆಯಿರಿ ಎಂದು ಪಟ್ಟುಹಿಡಿಯಿರಿ. ವೈದ್ಯರಲ್ಲಿ ಒಂದೇ ಕೋರಿಕೆ. ವೀಲ್‌ಚೇರ್‌ನಲ್ಲಿ ಬಂದ ಹುಡುಗನ ಹಾಳೆಯಲ್ಲಿ "ಬದಲಾವಣೆ ಇಲ್ಲ" ಎಂದು ಬರೆಯುವ ಮುನ್ನ ಅವನ ಕೈಗೆ ಒಂದು ಲೋಟ ನೀರು ಕೊಟ್ಟು ನೋಡಿ.